ಲಿಂಬೆ ಹಿಂಡುವುದಕ್ಕೆ ಒಂದು ಪದ, ಬಟ್ಟೆ ಹಿಂಡುವುದಕ್ಕೆ ಇನ್ನೊಂದು

ಪ್ರಶ್ನೆ: ಗೋಕರ್ಣದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಮಳೆಗಾಲ ಮುಗಿದ ಮೇಲೆ ಹೊರದೇಶದವರು ಬರುತ್ತಾರೆ, ನಮ್ಮ ಅಡುಗೆ ಕಲಿಯಬೇಕು ಎನ್ನುತ್ತಾರೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪಿಯುಸಿವರೆಗೆ. ಉಳಿದ ಮಾತು ಹೇಗೋ ನಡೆಯುತ್ತದೆ, ಕೈಕೆಲಸ ಹೇಳುವಾಗ ಮಾತ್ರ ನಾಲಿಗೆ ಕಟ್ಟುತ್ತದೆ. ಲಿಂಬೆಹಣ್ಣು ಹಿಂಡಿ ಎನ್ನಲು 'ಪ್ರೆಸ್' ಎಂದೆ. ಅತಿಥಿ ಹಣ್ಣನ್ನು ಮಣೆಯ ಮೇಲಿಟ್ಟು ಅಂಗೈಯಿಂದ ಅದುಮಿದರು. ಕಾಯಿಹಾಲು ಹಿಂಡುವುದಕ್ಕೆ 'ಪುಶ್' ಎಂದು ಬರೆದಿದ್ದನ್ನು ನೋಡಿ ಇನ್ನೊಬ್ಬರು 'ಎಲ್ಲಿಗೆ?' ಎಂದು ಕೇಳಿದರು. ನಮ್ಮ ಅತ್ತೆ ಎಣ್ಣೆ ಹಚ್ಚಿ ಕಾಲು ಒತ್ತುತ್ತಾರೆ ಎನ್ನುವುದನ್ನೂ 'ಪ್ರೆಸ್' ಎಂದೇ ಬರೆದಿದ್ದೇನೆ. ಶಬ್ದಕೋಶ ತೆಗೆದರೆ ಒಂದು ಪದಕ್ಕೆ ಏಳೆಂಟು ಅರ್ಥ. 'ಎಲ್ಲದಕ್ಕೂ ಸ್ಕ್ವೀಜ್ ಎಂದುಬಿಡು ದೊಡ್ಡಮ್ಮ' ಎನ್ನುತ್ತಾಳೆ ತಂಗಿಯ ಮಗಳು. ಬಲ ಕಡಿಮೆಯಾದರೆ ಪ್ರೆಸ್, ಜಾಸ್ತಿಯಾದರೆ ಪುಶ್ ಎಂದು ಹಿಂದೆ ಮೇಷ್ಟ್ರೊಬ್ಬರು ಹೇಳಿಕೊಟ್ಟಿದ್ದರು. ಯಾವುದು ಸರಿ? ಈ ವಯಸ್ಸಿನಲ್ಲಿ ಎಷ್ಟು ಪದ ಕಲಿಯಬೇಕು? ಅಡುಗೆಯ ವಿವರ ಬರೆದ ಚೀಟಿಗಳನ್ನು ಅಚ್ಚು ಹಾಕಿಸುವ ಮೊದಲು ತಿಳಿಯಬೇಕಿತ್ತು.
— ಓದುಗರು, ಕುಮಟಾ ತಾಲೂಕು

ಉತ್ತರ: ಚೀಟಿಗಳು ಇನ್ನೂ ಅಚ್ಚಾಗಿಲ್ಲ ಎನ್ನುವುದು ಸಮಾಧಾನದ ವಿಷಯ. ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಹೀಗೆ: ಕೈ ಏನು ಮಾಡಬೇಕೆಂಬುದು ನಿಮಗೆ ಚೆನ್ನಾಗಿ ಗೊತ್ತು, ಬಾಯಿಗೆ ಬರುವ ಇಂಗ್ಲಿಷ್ ಪದ ಅತಿಥಿಯ ಕೈಯಿಂದ ಬೇರೆಯೇ ಕೆಲಸ ಮಾಡಿಸುತ್ತಿದೆ. ಇದು ಕನ್ನಡ ಮಾಧ್ಯಮದವರ ಕೊರತೆ ಎಂದು ದಯವಿಟ್ಟು ತಿಳಿಯಬೇಡಿ. ಶಿರಸಿಯಲ್ಲಿ ನನ್ನ ಬಳಿ ಇಂಗ್ಲಿಷ್ ಕಲಿಯಲು ಬರುವ ನರ್ಸಿಂಗ್ ವಿದ್ಯಾರ್ಥಿಗಳು ಇದೇ ಜಾಗದಲ್ಲಿ ಎಡವುತ್ತಾರೆ, ಎಂ.ಎ. ಮುಗಿಸಿದವರೂ ಎಡವುತ್ತಾರೆ.

ಹಿಂಡು, ಹಿಸುಕು, ಕಿವುಚು, ಅದುಮು, ಅಮುಕು, ಒತ್ತು, ನಾದು, ಜಜ್ಜು, ಕುಟ್ಟು, ಚಿವುಟು, ತಿಕ್ಕು, ನೂಕು, ದಬ್ಬು. ಅಡುಗೆಮನೆ, ಕೊಟ್ಟಿಗೆ, ತೋಟಗಳಲ್ಲಿ ಬೆಳೆದ ನಮ್ಮ ಹೆಂಗಸರ ಬಾಯಲ್ಲಿ ಇಷ್ಟೂ ಪದಗಳು ದಿನವೂ ಓಡಾಡುತ್ತವೆ. ಇಂಗ್ಲಿಷಿನಲ್ಲೂ ಇಂಥ ಪದಗಳಿಗೆ ಬರವಿಲ್ಲ. ಕಷ್ಟ ಬರುವುದು ಎರಡು ಭಾಷೆಗಳು ಒಂದೇ ಕೈಕೆಲಸವನ್ನು ಬೇರೆ ಬೇರೆ ಕಡೆ ಗೆರೆ ಎಳೆದು ಪಾಲು ಮಾಡಿಕೊಂಡಿರುವುದರಿಂದ. ನಾವು ಹಿಂಡು ಎಂದು ಒಟ್ಟಿಗೆ ಇಟ್ಟುಕೊಂಡಿದ್ದನ್ನು ಅವರು ಒಡೆದಿದ್ದಾರೆ. ನಾವು ಅದುಮು, ಅಮುಕು, ಒತ್ತು ಎಂದು ಬಿಡಿಸಿಟ್ಟಿದ್ದನ್ನು ಅವರು ಪ್ರೆಸ್ ಎಂಬ ಒಂದೇ ಪದದೊಳಗೆ ಹಾಕಿದ್ದಾರೆ. ಶಬ್ದಕೋಶ ಒಂದು ಪದದ ಎದುರು ಏಳೆಂಟನ್ನು ಸಾಲಾಗಿ ಇಡುತ್ತದೆ. ಯಾವ ವಸ್ತುವಿಗೆ ಯಾವುದು ಎಂಬುದನ್ನು ಬಹುಪಾಲು ಹೇಳುವುದಿಲ್ಲ. ನಿಮ್ಮ ಗೊಂದಲ ಹುಟ್ಟಿದ್ದು ಅಲ್ಲೇ.

ಬಲ ಹೆಚ್ಚಾದರೆ ಪುಶ್, ಕಡಿಮೆಯಾದರೆ ಪ್ರೆಸ್ ಎನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. ಕೇಳಲು ಸರಳವಾಗಿದೆ, ಆದರೆ ತಪ್ಪು. ಮಗು ಮಲಗಿದ ತೊಟ್ಟಿಲನ್ನು ಬೆರಳ ತುದಿಯಿಂದ ಮೆಲ್ಲಗೆ ತಳ್ಳಿದರೂ ಅದು ಪುಶ್. ಹಲಸಿನಕಾಯಿ ಹಪ್ಪಳದ ಉಂಡೆಯ ಮೇಲೆ ಮಣೆ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಿದರೂ ಅದು ಪ್ರೆಸ್. ಬಲದ ಅಳತೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಕೆಲವು ಇವೆ. ಕುಮಟಾ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಒಬ್ಬರನ್ನೊಬ್ಬರು ದಬ್ಬುವುದು ಶವ್, ಮೊಣಕೈಯಿಂದ ಪಕ್ಕದವರನ್ನು ಮೆಲ್ಲಗೆ ತಿವಿದು ಎಚ್ಚರಿಸುವುದು ನಜ್. ಪ್ರೆಸ್, ಪುಶ್, ಸ್ಕ್ವೀಜ್ ಎಂಬ ಮೂರು ದೊಡ್ಡ ಪದಗಳು ಬಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೆಲ್ಲಗೆ ಬೇಕಾದರೆ 'ಜೆಂಟ್ಲಿ', ಗಟ್ಟಿಯಾಗಿ ಬೇಕಾದರೆ 'ಹಾರ್ಡ್' ಅಥವಾ 'ಫರ್ಮ್ಲಿ' ಎಂದು ಬೇರೆಯಾಗಿ ಸೇರಿಸಬೇಕು.

ಹಾಗಾದರೆ ಏನನ್ನು ನೋಡಿ ಆರಿಸಬೇಕು? ಬಲ ಯಾವ ಕಡೆಯಿಂದ ಬರುತ್ತದೆ, ವಸ್ತುವಿಗೆ ಕೊನೆಗೆ ಏನಾಗುತ್ತದೆ ಎಂಬೆರಡನ್ನು.

ಪುಶ್ ಎಂದರೆ ಬಲ ಒಂದೇ ಕಡೆಯಿಂದ ಬರುತ್ತದೆ, ವಸ್ತು ನಮ್ಮಿಂದ ಆಚೆ ಸರಿಯುತ್ತದೆ, ಇಲ್ಲವೇ ಸರಿಯಲಿ ಎಂದು ನಾವು ಪ್ರಯತ್ನಿಸುತ್ತೇವೆ. ಬಾಗಿಲು, ಕೈಗಾಡಿ, ಮರಳಿನ ಮೇಲಿಂದ ನೀರಿಗಿಳಿಸುವ ದೋಣಿ ಎಲ್ಲವೂ ಪುಶ್. ನಿಮ್ಮ ಅತಿಥಿ 'ಎಲ್ಲಿಗೆ?' ಎಂದು ಕೇಳಿದ್ದು ಅದಕ್ಕೇ. ಆ ಪದ ಕೇಳಿದ ಕೂಡಲೇ ಅವರ ಮನಸ್ಸು ಒಂದು ದಿಕ್ಕನ್ನು ಹುಡುಕುತ್ತದೆ. ಪ್ರೆಸ್ ಎಂದಾಗಲೂ ಬಲ ಒಂದೇ ಕಡೆಯಿಂದ ಬರುತ್ತದೆ, ಆದರೆ ವಸ್ತುವಿನ ಹಿಂದೆ ಅಥವಾ ಕೆಳಗೆ ಸಾಮಾನ್ಯವಾಗಿ ಒಂದು ಆಸರೆ ಇರುತ್ತದೆ, ವಸ್ತು ಅಲ್ಲೇ ಉಳಿಯುತ್ತದೆ. ಲಿಂಬೆಯನ್ನು ಮಣೆಯ ಮೇಲಿಟ್ಟು ಅದುಮಿದ ಅತಿಥಿ ನಿಮ್ಮ ಮಾತನ್ನು ಅಕ್ಷರಶಃ ಪಾಲಿಸಿದರು. ಪ್ರೆಸ್ ಎಂದ ಮೇಲೆ ಅವರಿಗೆ ಅಡಿಯಲ್ಲೊಂದು ಆಸರೆ ಬೇಕಾಯಿತು. ಕರೆಗಂಟೆಯ ಗುಂಡಿಗೆ ಎರಡೂ ನಡೆಯುತ್ತದೆ. ಗುಂಡಿ ಒಳಕ್ಕೆ ಸರಿಯುವುದನ್ನು ನೋಡಿದರೆ ಪುಶ್, ಗೋಡೆಗೆ ತಾಗಿ ನಿಂತದ್ದನ್ನು ನೋಡಿದರೆ ಪ್ರೆಸ್.

ಕಡಲತೀರದ ಹತ್ತಿರ ಅತಿಥಿಗಳನ್ನು ಇರಿಸಿಕೊಂಡಿರುವ ನಿಮಗೆ ಈ ವ್ಯತ್ಯಾಸ ಅಡುಗೆಮನೆಯ ಆಚೆಗೂ ಬೇಕು. ಹೃದಯ ನಿಂತವರ ಎದೆ ಒತ್ತುವ ಪ್ರಥಮ ಚಿಕಿತ್ಸೆಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು 'ಪುಶ್' ಎಂದು, ಜೋರಾಗಿ, ಬೇಗಬೇಗ. ದೊಡ್ಡವರಲ್ಲಿ ಎದೆ ಕನಿಷ್ಠ 5 ಸೆಂಟಿಮೀಟರ್ ಕೆಳಗಿಳಿಯಬೇಕು, ನಿಮಿಷಕ್ಕೆ 100ರಿಂದ 120 ಬಾರಿ. ಅಲ್ಲಿ ಎದೆ ಇಳಿಯುವುದೇ ಮುಖ್ಯ. ರಕ್ತ ಸುರಿಯುವ ಗಾಯದ ಮೇಲೆ ಬಟ್ಟೆ ಇಟ್ಟು ಹಿಡಿಯುವಾಗ ಏನನ್ನೂ ಸರಿಸಬೇಕಾಗಿಲ್ಲ, ಅಲ್ಲಿ ಪ್ರೆಸ್ ಎನ್ನಬೇಕು. ಮೂಗಿನಿಂದ ರಕ್ತ ಬಂದರೆ ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಿನಲ್ಲಿ 10ರಿಂದ 15 ನಿಮಿಷ ಹಿಡಿದುಕೊಳ್ಳಬೇಕು, ಅದಕ್ಕೆ ಪಿಂಚ್. ನೋವಾಗುವಂತೆ ಚಿವುಟುವುದಕ್ಕೂ ಇದೇ ಪದ, ಆದ್ದರಿಂದ ಗಾಬರಿಯಲ್ಲಿರುವ ಅತಿಥಿಗೆ ಹೇಳುವಾಗ ನಿಮ್ಮ ಮೂಗಿನ ಮೇಲೆ ಬೆರಳಿಟ್ಟು ತೋರಿಸಿ.

ಈಗ ಹಿಂಡುವುದಕ್ಕೆ ಬರೋಣ. ನಿಮ್ಮ ಚೀಟಿಗಳಲ್ಲಿ ಹೆಚ್ಚು ಕಡೆ ಬರುವ ಕ್ರಿಯೆ ಇದು.

ಲಿಂಬೆ ಹಿಂಡುತ್ತೇವೆ, ಕಾಯಿಹಾಲು ಹಿಂಡುತ್ತೇವೆ, ಒದ್ದೆ ಬಟ್ಟೆ ಹಿಂಡುತ್ತೇವೆ. ಹಾಲು ಕರೆಯುವುದನ್ನೂ ಹಾಲು ಹಿಂಡುವುದು ಎನ್ನುವವರಿದ್ದಾರೆ. ಕನ್ನಡಕ್ಕೆ ಮುಖ್ಯವಾದದ್ದು ಒಳಗಿನ ದ್ರವ ಹೊರಗೆ ಬರುವುದು. ಅದು ಆದರೆ ಸಾಕು, ಕೈ ಹೇಗೆ ಆಡಿತು ಎಂಬುದನ್ನು ಪದ ಕೇಳುವುದಿಲ್ಲ. ಇಂಗ್ಲಿಷ್ ಮೊದಲು ನೋಡುವುದು ಕೈ ಆಡಿದ ರೀತಿಯನ್ನು. ಎರಡು ಕಡೆಯಿಂದ ಅಥವಾ ಸುತ್ತಲಿನಿಂದ ಅಮುಕಿದರೆ ಸ್ಕ್ವೀಜ್. ಎರಡು ಕೈಗಳಲ್ಲಿ ಹಿಡಿದು ತಿರುಚಿ ಅಮುಕಿದರೆ ರಿಂಗ್. ಬರೆಯುವಾಗ ಇದರ ಮೊದಲಲ್ಲಿ ಡಬ್ಲ್ಯೂ ಅಕ್ಷರ ಇರುತ್ತದೆ, ಓದುವಾಗ ಅದಕ್ಕೆ ಧ್ವನಿಯಿಲ್ಲ. ಆಕಳ ಹಾಲು ಕರೆಯುವುದಕ್ಕೆ ಹಾಲಿನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡು ಮಿಲ್ಕ್ ಎನ್ನುತ್ತಾರೆ.

ರಿಂಗ್ ಎಂಬ ಪದವನ್ನು ಬಟ್ಟೆಗೆ ಮಾತ್ರ ಮೀಸಲಿಡಿ ಎನ್ನುವುದು ನನ್ನ ಸಲಹೆ. ಕೋಳಿಯ ಕತ್ತು ತಿರುಚುವುದಕ್ಕೂ ಅವರು ಇದನ್ನೇ ಬಳಸುತ್ತಾರೆ, ಹಾಗಾಗಿ ಲಿಂಬೆಗೆ ಹಚ್ಚಿದರೆ ಕೇಳಿದವರಿಗೆ ಕಸಿವಿಸಿಯಾಗುತ್ತದೆ. ಹಾಗೆಂದು ಈ ಪದವೇ ಬೇಡ ಎನ್ನಲಾರೆ. ಅತಿಥಿಗಳ ಬಟ್ಟೆ ನೀವು ತೊಳೆದುಕೊಡುವುದಿದ್ದರೆ, ಅವರ ಉಣ್ಣೆಯ ಬಟ್ಟೆಗಳ ಒಳಗೆ ಹೊಲಿದ ಪಟ್ಟಿಯನ್ನು ಓದಿ. 'ಡು ನಾಟ್ ರಿಂಗ್' ಎಂದಿದ್ದರೆ ತಿರುಚಬಾರದು ಎಂದು ಅರ್ಥ. ಅಂಗೈಗಳ ನಡುವೆ ಮೆಲ್ಲಗೆ ಅಮುಕಿ ನೀರು ತೆಗೆಯಬಹುದು, ಅಂದರೆ ಸ್ಕ್ವೀಜ್ ಮಾಡಬಹುದು. ಎರಡನ್ನೂ ಹಿಂಡು ಎಂದೇ ಓದಿಕೊಂಡರೆ ಬೆಲೆಬಾಳುವ ಸ್ವೆಟರು ಕೈಯಲ್ಲೇ ಆಕಾರ ಕಳೆದುಕೊಳ್ಳುತ್ತದೆ.

ಕಾಯಿಹಾಲು ಸ್ವಲ್ಪ ಸೂಕ್ಷ್ಮ. ತುರಿದು ಅರೆದ ಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುವಾಗ ನಾವು ಬಟ್ಟೆಯನ್ನು ತಿರುಚುವುದೂ ಹೌದು, ಅಮುಕುವುದೂ ಹೌದು. ಏನನ್ನು ಹೆಸರಿಸುತ್ತೀರಿ ಎಂಬುದರ ಮೇಲೆ ಪದ ಬದಲಾಗುತ್ತದೆ. ಬಟ್ಟೆಯನ್ನು ಹೇಳಿದರೆ ಟ್ವಿಸ್ಟ್ ಅಥವಾ ರಿಂಗ್, ಹಾಲನ್ನು ಹೇಳಿದರೆ ಸ್ಕ್ವೀಜ್ ಔಟ್. ಚೀಟಿಯಲ್ಲಿ ಹಾಲನ್ನೇ ಹೇಳಿ, ಸುಲಭ. ಆ 'ಔಟ್' ಎಂಬ ಸಣ್ಣ ಪದವನ್ನು ಮಾತ್ರ ಬಿಡಬೇಡಿ. ಸ್ಕ್ವೀಜ್ ಎಂದರೆ ಬರೀ ಅಮುಕುವುದೂ ಆಗಬಹುದು. ಪ್ರೀತಿಯಿಂದ ಕೈ ಅಮುಕುವುದಕ್ಕೂ ಅದೇ ಪದ. ಔಟ್ ಸೇರಿದಾಗ ಏನೋ ಹೊರಗೆ ಬರಬೇಕು ಎಂಬುದು ಖಚಿತವಾಗುತ್ತದೆ. ಅಂಕೋಲೆಯ ಕರಿ ಇಶಾಡು ಮಾವಿನಹಣ್ಣನ್ನು ಹಿಂಡಿ ರಸ ತೆಗೆಯುವುದಕ್ಕೂ ಇದೇ ಸಾಕು. ಇನ್ನೊಂದು, ನಮ್ಮ ತೆಳುಸಿಪ್ಪೆಯ ಸಣ್ಣ ಲಿಂಬೆ ಅವರಿಗೆ ಲೆಮನ್ ಅಲ್ಲ, ಲೈಮ್. ಲೆಮನ್ ಎಂದು ಬರೆದರೆ ಊರಿಗೆ ಹೋದ ಮೇಲೆ ದೊಡ್ಡ ಹಳದಿ ಹಣ್ಣು ತಂದು ಹಿಂಡುತ್ತಾರೆ, ರುಚಿ ಬೇರೆಯಾಗುತ್ತದೆ.

ಕಿವುಚು ಎನ್ನುವುದು ನನಗೆ ಬಹಳ ಇಷ್ಟದ ಪದ, ಇಂಗ್ಲಿಷಿಗೆ ಒಂದೇ ಪದದಲ್ಲಿ ಹೋಗದ ಪದ ಕೂಡ. ನೆನೆಸಿದ ಮುರುಗಲನ್ನು, ಅಂದರೆ ಕೋಕಂ ಸಿಪ್ಪೆಯನ್ನು, ನೀರಿನಲ್ಲೇ ಬೆರಳುಗಳ ನಡುವೆ ಹಿಸುಕುತ್ತ, ಬಿಡುತ್ತ, ಮತ್ತೆ ಹಿಸುಕುತ್ತ, ಬಣ್ಣ ಹುಳಿ ಎರಡೂ ನೀರಿಗೆ ಬಿಡುವ ತನಕ ಮಾಡುವ ಕೆಲಸ. ಅಪ್ಪೆಹುಳಿಗೆ ಬೇಯಿಸಿದ ಮಾವಿನಕಾಯಿಯ ತಿರುಳನ್ನು ನೀರಿನಲ್ಲಿ ಕರಗಿಸುವುದೂ ಹೀಗೆಯೇ. ಸ್ಕ್ವೀಜ್ ಎಂದರೆ ಅತಿಥಿ ಮುರುಗಲನ್ನು ನೀರಿನಿಂದ ಮೇಲೆತ್ತಿ ಒಮ್ಮೆ ಹಿಂಡಿ ಸಿಪ್ಪೆ ಎಸೆಯುತ್ತಾರೆ. ಮ್ಯಾಶ್ ಎಂದರೆ ಬೇಯಿಸಿದ ಆಲೂಗಡ್ಡೆಯಂತೆ ಮುದ್ದೆ ಮಾಡಲು ನೋಡುತ್ತಾರೆ. ಅದು ಅಪ್ಪೆಹುಳಿಯ ಮಾವಿನಕಾಯಿಗೆ ಹೊಂದುತ್ತದೆ, ಮುರುಗಲಿಗೆ ಹೊಂದುವುದಿಲ್ಲ. ನೀವು ಬರೆದ ಪ್ರೆಸ್, ಪುಶ್ ಎರಡೂ ಇಲ್ಲಿಗೆ ದೂರ. ಒಂದು ಪದ ಹುಡುಕುವುದನ್ನು ಬಿಟ್ಟು ಕೆಲಸವನ್ನೇ ಮೂರು ಸಣ್ಣ ವಾಕ್ಯಗಳಲ್ಲಿ ಬರೆಯಿರಿ: ನೀರಿನೊಳಗೆ ಬೆರಳುಗಳಿಂದ ಸ್ಕ್ವೀಜ್ ಮಾಡಿ, ಮತ್ತೆ ಮತ್ತೆ ಮಾಡಿ, ನೀರು ಕೆಂಪಾದಾಗ ಸೋಸಿ. ಇಂಗ್ಲಿಷಿನಲ್ಲಿ 'ಇನ್ ದ ವಾಟರ್' ಮತ್ತು 'ಅಗೇನ್ ಆ್ಯಂಡ್ ಅಗೇನ್' ಎಂಬೆರಡು ತುಣುಕುಗಳು ಇಲ್ಲಿ ಕ್ರಿಯಾಪದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಉಳಿದವು ಬೇಗ ಮುಗಿಯುತ್ತವೆ. ಹೋಳಿಗೆಯ ಕಣಕ ನಾದುವುದು ನೀಡ್. ಇದರ ಮುಂದೆ ಧ್ವನಿಯಿಲ್ಲದ ಒಂದು ಕೆ ಅಕ್ಷರ ಇದೆ, ಕಿವಿಗೆ 'ಬೇಕು' ಎಂಬರ್ಥದ ಪದದಂತೆಯೇ ಕೇಳಿಸುತ್ತದೆ. ಹಿಟ್ಟು, ಜೇಡಿಮಣ್ಣು, ಮೈಯ ಸ್ನಾಯು ಇವಿಷ್ಟಕ್ಕೇ ಅದು ಹೆಚ್ಚಾಗಿ ಸಲ್ಲುತ್ತದೆ, ದೋಸೆಹಿಟ್ಟು ಕಲಸುವುದಕ್ಕೆ ಬೇಡ. ಶುಂಠಿ ಬೆಳ್ಳುಳ್ಳಿ ಜಜ್ಜುವುದು ಕ್ರಶ್. ಆಲೆಮನೆಯಲ್ಲಿ ಕಬ್ಬು ಅರೆಯುವುದೂ ಕ್ರಶ್ಶೇ. ಬೇಯಿಸಿದ ಹಲಸಿನ ತೊಳೆಯನ್ನು ಒನಕೆಯಿಂದ ಕುಟ್ಟುವುದು ಪೌಂಡ್. ಕರ್ಜಿಕಾಯಿಯ ಅಂಚು ಬೆರಳಿನಿಂದ ಒತ್ತಿ ಮುಚ್ಚುವುದಕ್ಕೆ ಪಿಂಚ್ ಸರಿಯಾದ ಪದ. ತಂಬುಳಿಗೆ ಒಂದೆಲಗದ ಎಲೆ ಚಿವುಟುವುದು ಪಿಂಚ್ ಆಫ್; ಇಲ್ಲಿ 'ಆಫ್' ಬಿಟ್ಟರೆ ಎಲೆಗೆ ನೋವು ಮಾಡಿದಂತೆ ಕೇಳಿಸುತ್ತದೆಯೇ ಹೊರತು ಕಿತ್ತಂತೆ ಅಲ್ಲ.

ಚಕ್ಕುಲಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒರಳಿನಿಂದ ಒತ್ತುವ ಚಕ್ಕುಲಿಗೆ, ಶಾವಿಗೆಗೆ 'ಪ್ರೆಸ್ ಥ್ರೂ' ಎನ್ನಬೇಕು, ಹಿಟ್ಟು ತೂತುಗಳ ಮೂಲಕ ಹೊರಗೆ ಬರುತ್ತದೆ ಎಂಬುದು ಆಗ ತಿಳಿಯುತ್ತದೆ. ಬರೀ ಪ್ರೆಸ್ ಎಂದರೆ ಹಿಟ್ಟನ್ನು ಚಪ್ಪಟೆ ಮಾಡುತ್ತಾರೆ. ಆದರೆ ನಮ್ಮ ಶಿರಸಿ ಸೀಮೆಯಲ್ಲಿ ಚೌತಿಯ ಹೊತ್ತಿಗೆ ನೆರೆಹೊರೆಯವರೆಲ್ಲ ಸೇರಿ ಮಾಡುವ ಚಕ್ಕುಲಿ ಕಂಬಳದಲ್ಲಿ ಕೈಯಿಂದಲೇ ಸುತ್ತುತ್ತಾರಲ್ಲ, ಅಲ್ಲಿ ಒತ್ತುವ ಮಾತೇ ಇಲ್ಲ. ಬೆರಳುಗಳ ನಡುವೆ ಹಿಟ್ಟಿನ ಎಳೆಯನ್ನು ಹುರಿ ಮಾಡುತ್ತ ಸುತ್ತು ಬಿಡುತ್ತಾರೆ. ಹುರಿ ಮಾಡುವುದು ಟ್ವಿಸ್ಟ್, ಸುತ್ತು ಬಿಡುವುದು ಕಾಯಿಲ್. ಎರಡನ್ನೂ ಬರೆಯಿರಿ, ಆ ಕೌಶಲಕ್ಕೆ ಎರಡು ಪದಗಳಾದರೂ ಸಲ್ಲಬೇಕು. ತೊಡೆದೇವು ಮಾಡಿ ತೋರಿಸುವುದಿದ್ದರೆ, ಕಾದ ಮಡಕೆಯ ಬೆನ್ನಿನ ಮೇಲೆ ಬಟ್ಟೆಯಿಂದ ಹಿಟ್ಟು ತೊಡೆಯುವುದಕ್ಕೆ ಸ್ಪ್ರೆಡ್ ಎನ್ನಿ. ಸ್ಮಿಯರ್ ಎಂಬ ಪದವೂ ಸಿಗುತ್ತದೆ, ಆದರೆ ಅದರಲ್ಲಿ ಕೊಳೆ ಮೆತ್ತಿದ ಛಾಯೆ ಇದೆ. ಅಷ್ಟು ನಾಜೂಕಾದ ಸಿಹಿಗೆ ಅದು ಬೇಡ.

ನಿಮ್ಮ ಅತ್ತೆಯವರ ಎಣ್ಣೆಯ ಚೀಟಿಯನ್ನು ತಿದ್ದಲೇಬೇಕು. ಕಾಲು ಒತ್ತುವುದು ನಮ್ಮಲ್ಲಿ ಸೇವೆ, ಅಕ್ಕರೆ. ಇಂಗ್ಲಿಷಿನಲ್ಲಿ 'ಲೆಗ್ ಪ್ರೆಸ್' ಎಂದರೆ ವ್ಯಾಯಾಮಶಾಲೆಯ ಒಂದು ಯಂತ್ರ. ಸ್ಕ್ವೀಜ್ ಎಂದರೆ ಸಲಿಗೆ ಹೆಚ್ಚಾಯಿತು. ಸ್ಟ್ರೋಕ್ ಎಂದರೆ ಸವರುವುದು, ಅದರಲ್ಲೂ ಸಲಿಗೆ ಇದೆ. ನಾಮಪದವಾದರೆ ಅದೇ ಪದ ಲಕ್ವ ಹೊಡೆಯುವ ಕಾಯಿಲೆಯ ಹೆಸರು. ಮಸಾಜ್ ಎಂಬುದು ಸರಿಯಾದ ಪದವೇ. ಆದರೆ ಅದನ್ನು ಅಚ್ಚಿನಲ್ಲಿ ಹಾಕಿದರೆ ಬಂದವರು ತರಬೇತಿ ಪಡೆದವರನ್ನು, ಒಂದು ಗಂಟೆಯ ಅವಧಿಯನ್ನು, ಬೇರೆ ಕೋಣೆಯನ್ನು ನಿರೀಕ್ಷಿಸುತ್ತಾರೆ. ಹಣ ಕೊಟ್ಟ ಮೇಲೆ ದೂರುವ ಹಕ್ಕೂ ಅವರಿಗೆ ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಪಾದ ತಿಕ್ಕುವುದಷ್ಟೇ ಆದರೆ 'ಫುಟ್ ರಬ್' ಎಂದು ಬರೆಯಿರಿ. ಸರಳವಾಗಿದೆ, ಎಲ್ಲಿ ಎಂಬುದನ್ನೂ ಹೇಳುತ್ತದೆ. ಶುರುಮಾಡುವ ಮೊದಲು ಅವರನ್ನು ಕೇಳಿಯೇ ಮುಟ್ಟಬೇಕು. 'ಸಾಫ್ಟರ್', 'ಹಾರ್ಡರ್', 'ಸ್ಟಾಪ್' ಎಂಬ ಮೂರು ಪದ ಅತ್ತೆಯವರಿಗೆ ಕಲಿಸಿಕೊಡಿ. ಅವರು ಹೇಳುವುದಕ್ಕಿಂತ ಅತಿಥಿ ಹೇಳಿದಾಗ ತಿಳಿಯುವುದು ಮುಖ್ಯ.

ಎಷ್ಟು ಪದ ಕಲಿಯಬೇಕು ಎಂದು ಕೇಳಿದ್ದೀರಿ. ತಂಗಿಯ ಮಗಳ ಸಲಹೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಲಿಂಬೆ, ಕಾಯಿಹಾಲು, ಇಶಾಡು, ನೆನೆಸಿದ ಮುರುಗಲು ನಾಲ್ಕಕ್ಕೂ ಸ್ಕ್ವೀಜ್ ನಡೆಯುತ್ತದೆ. ಹಪ್ಪಳ, ಕಣಕ, ಚಕ್ಕುಲಿ, ಅತ್ತೆಯವರ ಎಣ್ಣೆ ಬಂದಲ್ಲಿ ಅದು ಕೈಕೊಡುತ್ತದೆ. ಇನ್ನೊಂದು ತುದಿಯಲ್ಲಿ, ಕ್ರಶ್, ಮ್ಯಾಶ್, ಪೌಂಡ್, ನೀಡ್, ರಿಂಗ್ ಎಲ್ಲವನ್ನೂ ಕಲಿಯುವ ದಾರಿ ಇದೆ. ಕಲಿತರೆ ನಿಮ್ಮ ಚೀಟಿ ಚೊಕ್ಕವಾಗುತ್ತದೆ. ಅಪಾಯವೇನೆಂದರೆ ಪದವೊಂದನ್ನೇ ಉರುಹಚ್ಚಿದರೆ ಅದು ಗಡಿಬಿಡಿಯಲ್ಲಿ ತಪ್ಪು ವಸ್ತುವಿಗೆ ಹೋಗಿ ಅಂಟಿಕೊಳ್ಳುತ್ತದೆ. ಈ ದಾರಿ ಹಿಡಿಯುವುದಾದರೆ ಪದವನ್ನು ಅದರ ವಸ್ತುವಿನ ಜೊತೆಗೇ ಕಲಿಯಿರಿ: ರಿಂಗ್ ಎಂದರೆ ಬಟ್ಟೆ, ನೀಡ್ ಎಂದರೆ ಕಣಕ, ಕ್ರಶ್ ಎಂದರೆ ಶುಂಠಿ.

ನಿಮಗೆ ನಾನು ಸೂಚಿಸುವುದು ನಡುವಿನ ದಾರಿ. ಸ್ಕ್ವೀಜ್, ಪ್ರೆಸ್, ಪುಶ್, ರಬ್, ಟ್ವಿಸ್ಟ್ ಐದನ್ನು ಗಟ್ಟಿಮಾಡಿಕೊಳ್ಳಿ. ಅವುಗಳ ಬೆನ್ನಿಗೆ ಔಟ್, ಫ್ಲ್ಯಾಟ್, ಡೌನ್, ಆಫ್, ಥ್ರೂ ಎಂಬ ಫಲ ಹೇಳುವ ಪದಗಳನ್ನು ಹಚ್ಚಿ. ಹಪ್ಪಳಕ್ಕೆ 'ಪ್ರೆಸ್ ಫ್ಲ್ಯಾಟ್', ಡಬ್ಬಿಯಲ್ಲಿ ಉಪ್ಪಿನಕಾಯಿ ಮಿಡಿಗಳನ್ನು ಅಮುಕಿ ತುಂಬುವುದಕ್ಕೆ 'ಪ್ರೆಸ್ ಡೌನ್'. ಬರಹ ಸ್ವಲ್ಪ ಸಪ್ಪೆ ಎನ್ನಿಸಬಹುದು; ಯಾರ ಕೈಯೂ ದಾರಿ ತಪ್ಪುವುದಿಲ್ಲ. ಕಿವುಚು ಎಂಬಂಥ ಒಂದೆರಡು ಕನ್ನಡ ಪದಗಳನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ವಿವರ ಕೊಟ್ಟರೆ ಅತಿಥಿಗಳು ಸಂತೋಷದಿಂದ ಕಲಿತುಕೊಂಡು ಹೋಗುತ್ತಾರೆ. ಪ್ರತಿ ಸಾಲಿನಲ್ಲೂ ಹೀಗೆ ಮಾಡಿದರೆ ಮಾತ್ರ ಓದುವುದನ್ನೇ ಬಿಡುತ್ತಾರೆ.

ಮೊಬೈಲಿನ ಅನುವಾದವನ್ನು ಬಳಸುವುದಾದರೆ 'ಒತ್ತು' ಎಂದು ಒಂಟಿ ಪದ ಹಾಕಬೇಡಿ. ಮಹತ್ವ ಎಂಬ ಅರ್ಥವೂ ಅದಕ್ಕಿದೆ, ಯಂತ್ರ ಯಾವುದನ್ನು ಎತ್ತಿಕೊಳ್ಳುತ್ತದೆಂದು ಹೇಳಲಾಗದು. 'ಹಪ್ಪಳದ ಉಂಡೆಯನ್ನು ಮಣೆಯಿಂದ ಒತ್ತಿ ಚಪ್ಪಟೆ ಮಾಡಿ' ಎಂದು ವಸ್ತು, ಸಾಧನ, ಫಲ ಮೂರನ್ನೂ ಸೇರಿಸಿ ಇಡೀ ವಾಕ್ಯ ಕೊಡಿ.

ಎದುರಿಗೆ ನಿಂತು ಕಲಿಸುವಾಗ ನಿಮ್ಮ ಕೈಯೇ ಅರ್ಧ ಹೇಳಿಬಿಡುತ್ತದೆ. ಚೀಟಿಯ ಜೊತೆ ಆ ಕೈ ಇರುವುದಿಲ್ಲ. ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಡುಗೆಯನ್ನು ಎಂದೂ ನೋಡದ ಅತಿಥಿಯೊಬ್ಬರಿಗೆ ಕೈಬರಹದ ಚೀಟಿ ಕೊಟ್ಟು, ಲಿಂಬೆ, ಮುರುಗಲು, ಕಾಯಿತುರಿ, ಬಟ್ಟೆ ಎದುರಿಗಿಟ್ಟು, ಏನೂ ಹೇಳದೆ, ತೋರಿಸದೆ ಪಕ್ಕದಲ್ಲಿ ನಿಂತುಕೊಳ್ಳಿ. ಅವರ ಕೈ ಎಲ್ಲೆಲ್ಲಿ ತಡವರಿಸುತ್ತದೋ ಆ ಸಾಲಿಗೆ ಗುರುತು ಹಾಕಿ. ಗುರುತು ಹಾಕಿದ ಸಾಲುಗಳನ್ನು ನನಗೆ ಕಳಿಸಿದರೆ ನೋಡಿಕೊಡುತ್ತೇನೆ.